ಒಣಗಿ ವರ್ಷಗಳಾದ ಗಟ್ಟಿ ಮರ ಒಲೆಗೆ ಬರುತ್ತದೆಯೇ? ಕಟ್ಟಿಗೆ ಪರೀಕ್ಷಿಸುವ ಕ್ರಮ

“ಹೊಲದ ಬದುವಿನ ಹುಣಸೆ ಒಣಗಿ ಐದಾರು ವರ್ಷವಾಯಿತು, ಕಟ್ಟಿಗೆಗೆ ಬಂದೀತೇ?” “ಮಾಳಿಗೆ ಮನೆ ಬಿಚ್ಚಿದಾಗ ಬಂದ ತೊಲೆಗಳು ಹಿತ್ತಲಲ್ಲಿ ಬಿದ್ದಿವೆ, ಉರಿಸಬಹುದೇ?” “ಬಳ್ಳಾರಿ ಜಾಲಿಯ ಹಳೆಯ ಬೊಡ್ಡೆಗಳನ್ನು ಟ್ರಾಲಿ ಲೆಕ್ಕದಲ್ಲಿ ಕೊಡುತ್ತೇವೆ ಎನ್ನುತ್ತಿದ್ದಾರೆ, ಕೊಳ್ಳಲೇ?” ಬೇಸಿಗೆ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಓದುಗರು ಕೇಳುವ ಪ್ರಶ್ನೆಗಳು ಇವೇ. ಎಲ್ಲರೂ ವರ್ಷದ ಲೆಕ್ಕ ಹೇಳುತ್ತಾರೆ. ಆದರೆ ವರ್ಷದ ಲೆಕ್ಕದಿಂದ ಕಟ್ಟಿಗೆಯ ಗುಣ ತಿಳಿಯುವುದಿಲ್ಲ. ಕುಷ್ಟಗಿ ಕಡೆಯ ಕಲ್ಲು ದಿನ್ನೆಯ ಮೇಲೆ ನಿಂತಲ್ಲೇ ಒಣಗಿದ ಜಾಲಿ ಹತ್ತು ವರ್ಷದ ನಂತರವೂ ಕಬ್ಬಿಣದಂತೆ ಇರಬಹುದು. ಅದೇ ಜಾತಿಯ ಮರ ಸಿಂಧನೂರಿನ ಗದ್ದೆಯ ಬದುವಿನ ಮೇಲೆ ಬಿದ್ದು ಎರಡು ಮಳೆಗಾಲ ಕಂಡರೆ ಅರ್ಧ ಲಡ್ಡಾಗಿರಬಹುದು. ಸತ್ತ ಮರ ನೆಲಕ್ಕೆ ತಾಗಿತ್ತೇ, ನೀರು ಎಷ್ಟು ಕಾಲ ಅದರಲ್ಲಿ ನಿಂತಿತ್ತು, ಒಳಗೆ ಚೇಗು ಎಷ್ಟಿತ್ತು ಎಂಬ ಮೂರು ಸಂಗತಿಗಳೇ ಉತ್ತರ ಹೇಳುತ್ತವೆ.

ಮೊದಲು ಕೆಲವು ಮಾತುಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಗಟ್ಟಿ ಮರ ಎಂದು ಇಲ್ಲಿ ಹೇಳುತ್ತಿರುವುದು ಜಾಲಿ, ಬಳ್ಳಾರಿ ಜಾಲಿ, ಹುಣಸೆ, ಬೇವು, ಕಮರ, ದಿಂಡಿಗ, ತುಗ್ಗಲಿಗಳಂಥ ತೂಕದ ಮರಗಳನ್ನು. ಬೂರುಗ, ನುಗ್ಗೆ, ಆಲ, ಅರಳಿಗಳು ಹಗುರ ಜಾತಿಯವು. ಅವು ಸತ್ತು ಒಂದೆರಡು ಮಳೆಗಾಲ ನೆಲದ ಮೇಲೆ ಕಳೆದಿದ್ದರೆ ಪರೀಕ್ಷೆಗೆ ಶ್ರಮಪಡುವ ಅಗತ್ಯವೇ ಇಲ್ಲ. ಚೇಗು ಎಂದರೆ ಕಾಂಡದ ನಡುವಿನ ಗಾಢ ಬಣ್ಣದ ಗಟ್ಟಿ ಭಾಗ. ಅದರ ಸುತ್ತ ಇರುವ ತಿಳಿ ಬಣ್ಣದ ಪದರ, ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದ ಭಾಗ. ಇದನ್ನು ಮುಂದೆ ಬಿಳಿ ಪದರ ಎಂದು ಕರೆಯುತ್ತೇನೆ. ಲಡ್ಡು ಎಂದರೆ ಶಿಲೀಂಧ್ರ, ಅಂದರೆ ಬೂಷ್ಟು ಮತ್ತು ಅಣಬೆಯ ಜಾತಿಯ ಜೀವಿ, ತಿಂದು ಸಡಿಲವಾದ ಮರ. ಕುಟ್ಟೆ ಎಂದರೆ ಸಣ್ಣ ತೂತು ಕೊರೆದು ಹಿಟ್ಟು ಉದುರಿಸುವ ಹುಳು. ತೇವಾಂಶ ಎಂದರೆ ಕಟ್ಟಿಗೆಯ ಒಟ್ಟು ತೂಕದಲ್ಲಿ ನೀರಿನ ಪಾಲು.

ಹಸಿ ಮರದಲ್ಲಿ ತೂಕದ ಶೇ 40ರಿಂದ 50ರಷ್ಟು ನೀರೇ ಇರುತ್ತದೆ. ಒಲೆಗೆ ಯೋಗ್ಯವಾದ ಕಟ್ಟಿಗೆಯಲ್ಲಿ ಅದು ಶೇ 20ಕ್ಕಿಂತ ಕಡಿಮೆ ಇರಬೇಕು. ನಮ್ಮ ಸೀಮೆಯ ಏಪ್ರಿಲ್-ಮೇ ಬಿಸಿಲಿಗೆ ಸೀಳಿದ ಕಟ್ಟಿಗೆ ಶೇ 10ಕ್ಕೂ ಕೆಳಗೆ ಇಳಿಯುತ್ತದೆ. ಈ ವಿಷಯದಲ್ಲಿ ಮಲೆನಾಡಿನವರಿಗಿಂತ ನಾವು ಅದೃಷ್ಟವಂತರು.

ಹಣ ಹಾಳಾಗುವ ದಾರಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ಕಟ್ಟಿಗೆ ಅಡ್ಡೆಯಲ್ಲಿ ತೂಕದ ಮೇಲೆ ಕೊಂಡರೆ ನೀರಿಗೆ ದುಡ್ಡು ಕೊಟ್ಟುಬಿಡುವ ಅಪಾಯವಿದೆ. ಶೇ 40 ತೇವಾಂಶದ ಒಂದು ಕ್ವಿಂಟಲ್‌ನಲ್ಲಿ ಮರ 60 ಕಿಲೋ ಮಾತ್ರ, ಉಳಿದ 40 ಕಿಲೋ ನೀರು. ಟ್ರಾಲಿ ಲೆಕ್ಕದಲ್ಲಿ ಕೊಂಡರೆ ಅಪಾಯ ತಿರುಗುಮುರುಗಾಗುತ್ತದೆ. ಲಡ್ಡು ಮರವೂ ಟ್ರಾಲಿಯಲ್ಲಿ ಗಟ್ಟಿ ಮರದಷ್ಟೇ ಜಾಗ ಹಿಡಿಯುತ್ತದೆ, ಒಲೆಯಲ್ಲಿ ಮಾತ್ರ ಅರ್ಧ ಹೊತ್ತಿಗೆ ಬೂದಿಯಾಗುತ್ತದೆ. ಒಣ ಮರ ಯಾವ ಜಾತಿಯದಾದರೂ ಒಂದು ಕಿಲೋಗೆ ಕೊಡುವ ಶಾಖ ಸರಿಸುಮಾರು ಒಂದೇ, 4,500 ಕಿಲೋ ಕ್ಯಾಲೊರಿಯ ಆಸುಪಾಸು. ಗಟ್ಟಿ ಮರದ ಹೆಚ್ಚುಗಾರಿಕೆ ಇರುವುದು ಅದೇ ಗಾತ್ರದಲ್ಲಿ ಹೆಚ್ಚು ಕಿಲೋ ತುಂಬಿರುವುದರಲ್ಲಿ. ಲಡ್ಡು ಕಿತ್ತುಕೊಳ್ಳುವುದು ಈ ತೂಕವನ್ನೇ.

ಬೇಕಾಗುವ ಸಾಮಾನು: ಕೊಡಲಿ, ಗರಗಸ, ಕಬ್ಬಿಣದ ಬೆಣೆ, ಚೂಪಾದ ಮೊಳೆ ಅಥವಾ ಸ್ಕ್ರೂಡ್ರೈವರ್, ದಪ್ಪ ಅಟ್ಟೆಯ ಬೂಟು, ಕೈಗವಸು, ತೂಕದ ತಕ್ಕಡಿ, ಒಂದು ಬಕೆಟ್ ನೀರು. ತೇವಾಂಶ ಅಳೆಯುವ ಎರಡು ಮುಳ್ಳಿನ ಸಣ್ಣ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಹಂತ 1: ಮರ ಯಾರದು, ನಿಜವಾಗಿ ಸತ್ತಿದೆಯೇ?

ಎಲೆ ಇಲ್ಲದ ಮರವೆಲ್ಲ ಸತ್ತ ಮರವಲ್ಲ. ನಮ್ಮ ಕುರುಚಲು ಕಾಡಿನ ಹಲವು ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತವೆ. ತೊಗಟೆಯನ್ನು ಉಗುರಿನಿಂದಲೋ ಚಾಕುವಿನಿಂದಲೋ ಕೆರೆದು ನೋಡಿ. ಕೆಳಗೆ ಹಸಿರು ಕಂಡರೆ ಜೀವವಿದೆ, ಕೊಡಲಿ ಕೆಳಗಿಡಿ. ಬೆರಳು ಗಾತ್ರದ ರೆಂಬೆಯನ್ನು ಬಾಗಿಸಿದರೆ ಪಟ್ಟನೆ ಮುರಿಯಬೇಕು. ಬಾಗಿ ನಾರು ಬಿಟ್ಟುಕೊಂಡರೆ ಇನ್ನೂ ಹಸಿ ಇದೆ.

ಸ್ವಂತ ಹೊಲದಲ್ಲಿರುವ ಮರವಾದರೂ ಕಡಿಯುವ ಮುನ್ನ ಅನುಮತಿ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಗೆ, ಅಂದರೆ ಆ ಅಧಿಕಾರ ಪಡೆದ ಅರಣ್ಯ ಅಧಿಕಾರಿಗೆ, ಅರ್ಜಿ ಕೊಡಬೇಕು. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ ಅಥವಾ ಗಾಳಿಗೆ ಬಿದ್ದಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಅರ್ಜಿ ಕೊಡಲು ಹಿಂಜರಿಯಬೇಡಿ. ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ. ಕಟ್ಟಿಗೆಯನ್ನು ಲಾರಿ, ಟ್ರ್ಯಾಕ್ಟರ್‌ನಲ್ಲಿ ಸಾಗಿಸುವುದಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ರಸ್ತೆ ಬದಿಯ ಮರ, ಕಾಲುವೆ ದಂಡೆಯ ಮರ, ಸಂಡೂರಿನ ಮೀಸಲು ಅರಣ್ಯದ ಮರ ಒಣಗಿ ಬಿದ್ದಿದ್ದರೂ ನಿಮ್ಮದಲ್ಲ. ದರೋಜಿ ಕರಡಿಧಾಮದಂಥ ವನ್ಯಧಾಮದಿಂದ ಒಣ ಟೊಂಗೆಯನ್ನೂ ತರುವಂತಿಲ್ಲ.

ಹಂತ 2: ಎಲ್ಲಿ, ಹೇಗೆ ಇತ್ತು ಎಂದು ಓದಿಕೊಳ್ಳಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೊಡಲಿ ಎತ್ತುವ ಮೊದಲು ಹತ್ತು ನಿಮಿಷ ಮರದ ಸುತ್ತ ನಡೆದು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಮರವನ್ನು ಲಡ್ಡು ಮಾಡುವ ಶಿಲೀಂಧ್ರಕ್ಕೆ ನೀರು ಬೇಕು. ತೇವಾಂಶ ಶೇ 20ಕ್ಕಿಂತ ಕಡಿಮೆ ಇರುವ ಮರವನ್ನು ಅದು ತಿನ್ನಲಾರದು. ನಿಂತಲ್ಲೇ ಒಣಗಿದ ಮರಕ್ಕೆ ಮಳೆ ಬಿದ್ದರೂ ಗಾಳಿ-ಬಿಸಿಲಿಗೆ ಬೇಗ ಆರುತ್ತದೆ. ಆದ್ದರಿಂದ ಮೇಲಿನ ಟೊಂಗೆಗಳು ಬಹುಕಾಲ ಗಟ್ಟಿಯಾಗಿ ಉಳಿಯುತ್ತವೆ. ಕೆಡುವುದು ಬುಡದಿಂದ. ನೆಲದಿಂದ ಎರಡು ಮೂರು ಅಡಿಯವರೆಗಿನ ಬೊಡ್ಡೆ ಮಣ್ಣಿನ ತೇವ ಹೀರಿಕೊಂಡು ಮೊದಲು ಲಡ್ಡಾಗುತ್ತದೆ. ಟೊಂಗೆ ಕವಲೊಡೆಯುವ ಸಂದಿನಲ್ಲಿ ಮಳೆನೀರು ನಿಲ್ಲುವುದರಿಂದ ಅದು ಎರಡನೆಯ ದುರ್ಬಲ ಜಾಗ.

ನೆಲಕ್ಕೆ ಬಿದ್ದ ಮರದ ಕತೆ ಬೇರೆ. ಮಣ್ಣಿಗೆ ತಾಗಿದ ಮಗ್ಗುಲು ಹಾಳಾಗಿ, ಮೇಲ್ಮಗ್ಗುಲು ಒಳ್ಳೆಯದಿರುವುದು ಸಾಮಾನ್ಯ. ಟೊಂಗೆಗಳ ಆಸರೆಯಿಂದ ನೆಲಕ್ಕೆ ತಾಗದೆ ಮೇಲೆ ನಿಂತ ಭಾಗವಿದ್ದರೆ ಮೊದಲು ಅದನ್ನೇ ಕತ್ತರಿಸಿ ನೋಡಿ.

ಮಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಂಪು ಮಣ್ಣಿನ ಮಸಾರಿ ಮತ್ತು ಕಲ್ಲುಮಿಶ್ರಿತ ಗರಸು ನೆಲ ಮಳೆಯಾದ ಮೇಲೆ ಬೇಗ ಆರುತ್ತದೆ. ಸಿರುಗುಪ್ಪ, ಮಾನ್ವಿ, ಸಿಂಧನೂರಿನ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ತುಂಗಭದ್ರಾ ಕಾಲುವೆಯ ನೀರಿನ ಗದ್ದೆ ಬಯಲಾದರೆ ಬೆಳೆ ಇರುವಷ್ಟು ಕಾಲವೂ ಬದು ಹಸಿಯಾಗಿಯೇ ಇರುತ್ತದೆ. ಗಂಗಾವತಿ ಸುತ್ತಿನ ಗದ್ದೆಯ ಬದುವಿನಲ್ಲಿ ಬಿದ್ದ ಮರವನ್ನು ನಾನು ಮೊದಲಿನಿಂದಲೂ ಅನುಮಾನದಿಂದಲೇ ನೋಡುತ್ತೇನೆ. ಹುಣಸೆಯಾದರೆ ಇನ್ನೂ ಹೆಚ್ಚು ಅನುಮಾನ. ಅದರಲ್ಲಿ ಬಿಳಿ ಪದರ ಬಹಳ, ಚೇಗು ಕಡಿಮೆ. ಹಳೆಯ ಹುಣಸೆ ಜೀವಂತವಾಗಿದ್ದಾಗಲೇ ಒಳಗೆ ಪೊಳ್ಳಾಗಿರುವುದೂ ಉಂಟು.

ಬುಡದಲ್ಲಿ ಅಥವಾ ಕಾಂಡದ ಮೇಲೆ ಕಿವಿಯಂತೆ ಚಾಚಿದ ಗಟ್ಟಿ ಅಣಬೆ ಕಂಡರೆ ಆ ಜಾಗದಿಂದ ಮೇಲೂ ಕೆಳಗೂ ಒಳಗಿನ ಲಡ್ಡು ಹಬ್ಬಿದೆ ಎಂದೇ ತಿಳಿಯಿರಿ. ಅಣಬೆ ಹೊರಗೆ ಕಾಣುವುದು ಒಳಗೆ ಚೆನ್ನಾಗಿ ಬೇರೂರಿದ ಮೇಲೆ.

ಮೇಲ್ಮೈ ಬೂದುಬಣ್ಣಕ್ಕೆ ತಿರುಗಿರುವುದನ್ನು ನೋಡಿ ಮಾತ್ರ ಗಾಬರಿಯಾಗಬೇಡಿ. ಅದು ಬಿಸಿಲಿನ ಕೆಲಸ, ಕಾಗದದಷ್ಟು ತೆಳುವಾದ ಪದರ. ಕೆಳಗೆ ಮರ ಹೊಸದರಂತೆ ಇರಬಹುದು.

ಹಂತ 3: ಜೀವಕ್ಕೆ ಅಪಾಯವಾಗದಂತೆ ಹತ್ತಿರ ಹೋಗಿ

ಸತ್ತ ಮರವನ್ನು ಬೀಳಿಸುವುದು ಹಸಿ ಮರ ಬೀಳಿಸುವುದಕ್ಕಿಂತ ಅಪಾಯದ ಕೆಲಸ. ಕೊಡಲಿಯ ಏಟಿನ ಅದುರಿಗೆ ಮೇಲಿನ ಒಣ ಟೊಂಗೆ ಕಳಚಿ ತಲೆಯ ಮೇಲೆ ಬೀಳಬಹುದು. ಬುಡ ಲಡ್ಡಾಗಿದ್ದರೆ ಮರ ನೀವು ಎಣಿಸಿದ ದಿಕ್ಕಿಗೆ ಬೀಳುವುದಿಲ್ಲ. ಗಾಳಿ ಇರುವ ದಿನ ಕೈ ಹಾಕಬೇಡಿ. ಒಬ್ಬರೇ ಹೋಗಬೇಡಿ. ದೊಡ್ಡ ಮರವಾದರೆ ಕಸುಬುದಾರರನ್ನೇ ಕರೆಯಿರಿ. ಹತ್ತಿರ ವಿದ್ಯುತ್ ತಂತಿ ಇದ್ದರೆ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನ ಕಚೇರಿಗೆ ತಿಳಿಸಿ, ಸರಬರಾಜು ನಿಲ್ಲಿಸಿದ ಮೇಲೆಯೇ ಕೆಲಸ ಆರಂಭವಾಗಬೇಕು.

ಪೊಟರೆಯೊಳಗೆ ಕೈ ಹಾಕಬೇಡಿ. ನಾಗರ, ಕಟ್ಟುಹಾವು, ಚೇಳುಗಳಿಗೆ ಸಡಿಲ ತೊಗಟೆಯ ಸಂದು ಮತ್ತು ಬಿದ್ದ ಬೊಡ್ಡೆಯ ಕೆಳಭಾಗ ಇಷ್ಟದ ಜಾಗ. ಬೊಡ್ಡೆಯನ್ನು ಉರುಳಿಸುವಾಗ ಉದ್ದನೆಯ ಹಾರೆ ಬಳಸಿ, ನಿಮ್ಮ ಕಡೆಗೆ ಎಳೆಯುವಂತೆ ಉರುಳಿಸಿದರೆ ಮರವೇ ನಿಮಗೂ ಅಡಗಿದ ಹಾವಿಗೂ ನಡುವೆ ಅಡ್ಡವಾಗುತ್ತದೆ. ಕಾಲು ಮಾತ್ರ ದೂರವಿರಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಗೂಬೆಯೋ ಗಿಳಿಯೋ ಸಂಸಾರ ಹೂಡಿದ ಪೊಳ್ಳು ಮರವನ್ನು ಹಾಗೆಯೇ ಬಿಡಿ. ಹೊಲದ ಇಲಿ ಹಿಡಿಯುವ ಗೂಬೆ ರೈತನಿಗೆ ಒಂದು ಹೊರೆ ಕಟ್ಟಿಗೆಗಿಂತ ದೊಡ್ಡ ಲಾಭ.

ಬಳ್ಳಾರಿ ಜಾಲಿಯ ಮುಳ್ಳು ಮರ ಸತ್ತು ವರ್ಷಗಳಾದರೂ ಚೂಪು ಕಳೆದುಕೊಳ್ಳುವುದಿಲ್ಲ. ಚಪ್ಪಲಿಯನ್ನೂ ಸೈಕಲ್ ಟೈರನ್ನೂ ದಾಟುತ್ತದೆ. ಮುರಿದು ಒಳಗೆ ಉಳಿದರೆ ಕೀವಾಗುತ್ತದೆ. ಮೊದಲು ಮುಳ್ಳಿನ ರೆಂಬೆಗಳನ್ನು ಸವರಿ ಒಂದೆಡೆ ಗುಡ್ಡೆ ಹಾಕಿ, ಆಮೇಲೆ ಬೊಡ್ಡೆಗೆ ಬನ್ನಿ.

ಹಂತ 4: ಬಡಿದು ಕೇಳಿ, ಚುಚ್ಚಿ ನೋಡಿ

ಕೊಡಲಿಯ ಹಿಂಬದಿಯಿಂದ ಕಾಂಡದ ಉದ್ದಕ್ಕೂ ಅಡಿಗೊಂದರಂತೆ ಬಡಿಯುತ್ತ ಹೋಗಿ. ಗಟ್ಟಿ ಒಣ ಮರ ಟಣ್ಣೆಂದು ದನಿ ಕೊಡುತ್ತದೆ, ಏಟು ಕೈಗೆ ವಾಪಸು ಬರುತ್ತದೆ. ನೀರು ತುಂಬಿದ ಮರ ದಬ್ ಎನ್ನುತ್ತದೆ. ಪೊಳ್ಳಾಗಿದ್ದರೆ ಡೋಲು ಬಡಿದ ಹಾಗೆ ಗುಂಯ್‌ಗುಡುತ್ತದೆ. ದನಿ ಬದಲಾಗುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಗರಗಸ ಅಲ್ಲಿ ಓಡಬೇಕು.

ನಂತರ ಮೊಳೆಯನ್ನು ಕೈಬಲದಿಂದ ಒತ್ತಿ. ಗಟ್ಟಿ ಮರದಲ್ಲಿ ಅದು ಗುರುತಷ್ಟೇ ಮಾಡುತ್ತದೆ. ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಆ ಪದರ ಲಡ್ಡಾಗಿದೆ. ಒಂದು ಕಡೆ ಚುಚ್ಚಿ ತೀರ್ಪು ಕೊಡಬೇಡಿ. ನೆಲಕ್ಕೆ ತಾಗಿದ ಮಗ್ಗುಲು, ಕತ್ತರಿಸಿದ ತುದಿ, ಟೊಂಗೆಯ ಸಂದು, ಈ ಮೂರೂ ಕಡೆ ನೋಡಿ.

ತುದಿಯಲ್ಲಿ ನಡುವಿನಿಂದ ಹೊರಕ್ಕೆ ಹೊರಟ ಬಿರುಕುಗಳು ಒಣಗಿದ ಲಕ್ಷಣ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿ, ಆದರೆ ಎರಡು ಎಚ್ಚರ ಬೇಕು. ತುದಿ ಒಣಗಿ ಬಿರಿದಿದ್ದರೂ ಒಂದಡಿ ಒಳಗೆ ನೀರು ಇರಬಹುದು. ಇನ್ನೊಂದು, ಬಳ್ಳಾರಿ ಜಾಲಿ ಒಣಗುವಾಗ ಬಹಳ ಕಡಿಮೆ ಕುಗ್ಗುವ ಮರ. ಚೆನ್ನಾಗಿ ಒಣಗಿದ ತುಂಡಿನಲ್ಲೂ ದೊಡ್ಡ ಬಿರುಕು ಕಾಣದಿರಬಹುದು. ಬಿರುಕಿಲ್ಲ ಎಂದು ಅದನ್ನು ಹಸಿ ಎಂದು ತಳ್ಳಬೇಡಿ. ಹಾಗೆಯೇ ಕಮರದಂಥ ಮರ ಪೂರ್ತಿ ಒಣಗಿದರೂ ನೀರಿನಲ್ಲಿ ಮುಳುಗುವಷ್ಟು ಭಾರ. ಕೈಗೆ ಭಾರವೆನಿಸಿದ್ದಕ್ಕೇ ಹಸಿ ಎಂದು ತೀರ್ಮಾನಿಸುವಂತಿಲ್ಲ.

ಹಂತ 5: ಸೀಳಿ ಒಳಗೆ ನೋಡಿ

ಇದೇ ಮುಖ್ಯ ಹಂತ. ಇದನ್ನು ಮಾಡದೆ ಇಡೀ ಮರಕ್ಕೋ ಇಡೀ ಟ್ರಾಲಿಗೋ ಬೆಲೆ ಕಟ್ಟಬೇಡಿ. ಮಾರುವವರು ಒಂದು ಬೊಡ್ಡೆ ಸೀಳಿ ತೋರಿಸಲು ಒಪ್ಪದಿದ್ದರೆ ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ.

ನಡುಭಾಗದಿಂದ ಒಂದಡಿ ಉದ್ದದ ತುಂಡು ಕತ್ತರಿಸಿ, ಎರಡು ಹೋಳಾಗಿ ಸೀಳಿ. ತೊಗಟೆ ಬಿಗಿಯಾಗಿ ಕಚ್ಚಿಕೊಂಡಿರುವ ತುಂಡನ್ನೂ ಒಂದು ಆರಿಸಿಕೊಳ್ಳಿ. ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ವರ್ಷಗಳ ಹಿಂದೆ ಸತ್ತರೂ ತೊಗಟೆ ಸಮೇತ ಇಡಿಯಾಗಿ ಬಿದ್ದ ಬೊಡ್ಡೆಯ ಒಳಗೆ ಅಂಗೈಗೆ ತಣ್ಣಗೆ ತಾಗುವಷ್ಟು ತೇವ ಇರುವುದನ್ನು ಕಂಡು ಜನ ಆಶ್ಚರ್ಯಪಡುತ್ತಾರೆ. ಸೀಳಿದ ತಕ್ಷಣ ಆ ಮುಖವನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ನೀರಿದೆ.

ಈಗ ಬಣ್ಣ ಮತ್ತು ನಾರು ನೋಡಿ.

ಬಿಳಿ ಪದರ ಮಾತ್ರ ತೂತುತೂತಾಗಿ ಹಿಟ್ಟು ಉದುರುತ್ತಿದ್ದು, ಚೇಗು ಮೊಳೆಗೆ ಬಗ್ಗದಿದ್ದರೆ ಅದು ಕುಟ್ಟೆಯ ಕೆಲಸ. ಜಾಲಿಯಲ್ಲಿ ಇದು ಬಹಳ ಸಾಮಾನ್ಯ. ಈ ಹುಳುಗಳು ಬಿಳಿ ಪದರದಲ್ಲಿರುವ ಪಿಷ್ಟಕ್ಕಾಗಿ ಬರುತ್ತವೆ, ಚೇಗಿನ ತಂಟೆಗೆ ಹೋಗುವುದಿಲ್ಲ. ಹೊರಪದರವನ್ನು ಕೊಡಲಿಯಿಂದ ಹೊಡೆದು ಉದುರಿಸಿದರೆ ಉಳಿಯುವ ಕೆಂಪು-ಕಂದು ಚೇಗು ಮೊದಲ ದರ್ಜೆಯ ಕಟ್ಟಿಗೆ. ಹೊರಗಿನ ರೂಪ ನೋಡಿ ಇಂಥ ಜಾಲಿಯನ್ನು ತಿಪ್ಪೆಗೆ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮರ ಬಿಳಿಚಿಕೊಂಡು, ಒತ್ತಿದರೆ ಮೆತ್ತಗಾಗಿ, ನಾರುನಾರಾಗಿ ಬಿಡಿಸಿಕೊಳ್ಳುತ್ತಿದ್ದರೆ ಅದು ಬಿಳಿ ಲಡ್ಡು. ಅಗಲ ಎಲೆಯ ಮರಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಗಾಢ ಕಂದು ಬಣ್ಣಕ್ಕೆ ತಿರುಗಿ, ಬೇಸಿಗೆಯಲ್ಲಿ ಬಿರಿದ ಎರೆಹೊಲದಂತೆ ಚೌಕ ಚೌಕವಾಗಿ ಒಡೆದು, ಬೆರಳಲ್ಲಿ ಉಜ್ಜಿದರೆ ಪುಡಿಯಾದರೆ ಅದು ಕಂದು ಲಡ್ಡು. ಎರಡರಲ್ಲೂ ಮರದ ತೂಕ ಹೋಗಿರುತ್ತದೆ, ಮಳೆ ಹನಿ ಬಿದ್ದರೆ ಮತ್ತೆ ನೀರು ಕುಡಿಯುವ ಚಾಳಿ ಬಂದಿರುತ್ತದೆ.

ಸೀಳಿದ ಮುಖದಲ್ಲಿ ಶಾಯಿಯಿಂದ ಎಳೆದಂತೆ ಸಣ್ಣ ಕಪ್ಪು ಗೆರೆಗಳು ಕಂಡರೆ ಶಿಲೀಂಧ್ರ ಒಳಗೆ ಕಾಲಿಟ್ಟಿದೆ, ತನ್ನ ಗಡಿ ಹಾಕಿಕೊಂಡಿದೆ ಎಂದರ್ಥ. ಆದರೂ ಮರ ಇನ್ನೂ ಗಟ್ಟಿ ಇರಬಹುದು. ಗೆರೆಯ ಎರಡೂ ಕಡೆ ಮೊಳೆ ಒತ್ತಿ ನೋಡಿ. ಗಟ್ಟಿ ಇದ್ದರೆ ಇದೇ ಬೇಸಿಗೆಯಲ್ಲಿ ಸೀಳಿ ಒಣಗಿಸಿ ಉರಿಸಿಬಿಡಿ, ಮುಂದಿನ ವರ್ಷಕ್ಕೆ ಇಡಬೇಡಿ.

ಜಾಲಿಯಲ್ಲಿ ಮೊಳೆಯ ಸುತ್ತ, ತಂತಿಯ ಸುತ್ತ ನೀಲಿ-ಕಪ್ಪು ಕಲೆ ಇದ್ದರೆ ಅದು ಲಡ್ಡು ಅಲ್ಲ. ಚರ್ಮ ಹದ ಮಾಡಲು ಬಳಸುವ ಒಗರಿನ ಅಂಶ ಜಾಲಿಯಲ್ಲಿ ಹೇರಳವಾಗಿದೆ, ಅದು ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಆ ಕಲೆ ಬೇರೆ ಎಚ್ಚರಿಕೆ ಕೊಡುತ್ತದೆ: ಒಳಗೆ ಬೇಲಿ ತಂತಿಯೋ ಮೊಳೆಯೋ ಹೂತಿದೆ, ಗರಗಸ ಜೋಪಾನ.

ಗೆದ್ದಲು ತಿಂದ ಮರದಲ್ಲಿ ಪದರಗಳ ನಡುವೆ ಮಣ್ಣು ಮೆತ್ತಿರುತ್ತದೆ. ಈ ಮಣ್ಣು ತೂಕಕ್ಕೂ ಬರುತ್ತದೆ, ಒಲೆಯಲ್ಲಿ ಬೂದಿಯಾಗಿಯೂ ತುಂಬಿಕೊಳ್ಳುತ್ತದೆ. ಅಡ್ಡೆಯಲ್ಲಿ ತೂಕಕ್ಕೆ ಕೊಳ್ಳುವವರು ತುಂಡನ್ನು ನೆಲಕ್ಕೆ ಒಮ್ಮೆ ಕುಕ್ಕಿ ನೋಡಿ. ಮಣ್ಣು ಉದುರಿದರೆ ಆ ತುಂಡು ಪಕ್ಕಕ್ಕಿರಲಿ.

ಹಂತ 6: ಅನುಮಾನ ಉಳಿದರೆ ತೂಗಿ, ತೇಲಿಸಿ, ಉರಿಸಿ

ತೇವ ತಿಳಿಯಲು: ಒಳಭಾಗದ ಮರದಿಂದ ಬೆರಳು ಗಾತ್ರದ ಸೀಳುಗಳನ್ನು ಮಾಡಿ ಸರಿಯಾಗಿ 1,000 ಗ್ರಾಂ ತೂಗಿ, ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದು ವಾರ ಮಾಳಿಗೆಯ ಮೇಲೆ ಹರಡಿ, ಮತ್ತೆ ತೂಗಿ. ತೂಕ 860 ಗ್ರಾಂ ಅಥವಾ ಅದಕ್ಕಿಂತ ಮೇಲೆ ನಿಂತರೆ ಮರದಲ್ಲಿದ್ದ ನೀರು ಶೇ 20ರೊಳಗೆ, ಕಟ್ಟಿಗೆ ಸಿದ್ಧವಾಗಿಯೇ ಇತ್ತು. 750ಕ್ಕೆ ಇಳಿದರೆ ಶೇ 30ರಷ್ಟು ನೀರಿತ್ತು, ಮಿಕ್ಕ ರಾಶಿಯನ್ನು ಸೀಳಿ ಒಣಗಿಸಬೇಕು. ಬಿಸಿಲಿನಲ್ಲಿ ಎಷ್ಟು ಒಣಗಿದರೂ ಸ್ವಲ್ಪ ನೀರು ಮರದಲ್ಲಿ ಉಳಿದೇ ಇರುತ್ತದೆ, ಅದನ್ನೂ ಸೇರಿಸಿ ಹೇಳಿದ ಲೆಕ್ಕ ಇದು. ಮೀಟರ್ ಬಳಸುವವರು ಹೊರಮೈಗೆ ಚುಚ್ಚಬೇಡಿ, ಆಗಷ್ಟೇ ಸೀಳಿದ ಮುಖದ ನಡುವೆ ಚುಚ್ಚಿ. ಇನ್ನೊಂದು ವಿಷಯ, ಸಾಮಾನ್ಯವಾಗಿ ಈ ಮೀಟರ್‌ಗಳು ಒಣ ಮರದ ತೂಕಕ್ಕೆ ಹೋಲಿಸಿ ನೀರನ್ನು ತೋರಿಸುತ್ತವೆ. ಅದರಲ್ಲಿ 25 ಎಂದು ಬಂದರೆ ಒಟ್ಟು ತೂಕದ ಲೆಕ್ಕದಲ್ಲಿ ಅದು ಶೇ 20.

ಲಡ್ಡು ಎಷ್ಟು ತಿಂದಿದೆ ಎಂದು ತಿಳಿಯಲು: ಪೂರ್ತಿ ಒಣಗಿದ ತುಂಡನ್ನು ಬಕೆಟ್ ನೀರಿನಲ್ಲಿ ತೇಲಿಬಿಟ್ಟು ಕೂಡಲೇ ನೋಡಿ. ಗಟ್ಟಿ ಇರುವ ಜಾಲಿ, ಬಳ್ಳಾರಿ ಜಾಲಿ, ಹುಣಸೆ ಸುಮಾರು ಮುಕ್ಕಾಲು ಭಾಗ ಅಥವಾ ಹೆಚ್ಚು ಮುಳುಗುತ್ತವೆ. ಬೇವು ಮೂರರಲ್ಲಿ ಎರಡು ಭಾಗ ಮುಳುಗುತ್ತದೆ. ಜಾಲಿಯ ತುಂಡು ಅರ್ಧಕ್ಕಿಂತ ಹೆಚ್ಚು ನೀರಿನ ಮೇಲೆ ನಿಂತರೆ ಅದರ ಸತ್ವದ ದೊಡ್ಡ ಪಾಲು ಹೋಗಿದೆ. ಹಸಿ ತುಂಡಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ನೀರು ಕುಡಿದ ಲಡ್ಡು ಗಟ್ಟಿ ಮರದಂತೆಯೇ ಮುಳುಗಿ ಮೋಸ ಮಾಡುತ್ತದೆ.

ಕೊನೆಗೆ ಒಂದು ತುಂಡನ್ನು ಹೊರಗಿನ ಒಲೆಯಲ್ಲಿ ಉರಿಸಿ. ತುದಿಯಲ್ಲಿ ನೊರೆ ಬಂದು ಸುಯ್ ಎಂದರೆ ನೀರಿದೆ. ಹತ್ತಿಕೊಂಡ ಮೇಲೆ ಹೊಗೆ ತೆಳುವಾಗಿ, ಜ್ವಾಲೆ ನಿಂತು, ಕಡೆಗೆ ಆಕಾರ ಬಿಡದ ಕೆಂಡ ಉಳಿದರೆ ಅದು ರೊಟ್ಟಿ ಬೇಯಿಸಲು ಯೋಗ್ಯ. ಜೋಳದ ರೊಟ್ಟಿಗೆ ಹಂಚು ಒಂದೇ ಹದದಲ್ಲಿ ಕಾಯುತ್ತಿರಬೇಕು, ಅದನ್ನು ಕೊಡುವುದು ಕೆಂಡವೇ. ಲಡ್ಡು ಬೇಗ ಹೊತ್ತಿಕೊಂಡು, ಕೆಂಡ ನಿಲ್ಲದೆ, ಮಂಕಾಗಿ ಕನಲುತ್ತ ಬೂದಿಯಾಗುತ್ತದೆ.

ಹಸಿ ಕಟ್ಟಿಗೆಯನ್ನು “ಹೇಗೂ ಒಲೆಯಲ್ಲೇ ಒಣಗುತ್ತದೆ” ಎಂದು ಹಾಕುವವರಿಗೆ ಒಂದು ಮಾತು. ನೀರನ್ನು ಆವಿ ಮಾಡಲು ಹೋಗುವ ಶಾಖ ನೇರ ಲೆಕ್ಕದಲ್ಲಿ ಅಷ್ಟು ದೊಡ್ಡದಲ್ಲ. ಶೇ 40 ನೀರಿದ್ದರೂ ಮರದ ಶಾಖದ ಹತ್ತನೇ ಒಂದು ಪಾಲಿನ ಸುತ್ತಮುತ್ತ. ನಿಜವಾದ ನಷ್ಟ ಬೇರೆಡೆ ಇದೆ. ಆವಿಯಿಂದ ಬೆಂಕಿ ತಣ್ಣಗಾಗುತ್ತದೆ, ಮರದಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ನಿಮ್ಮ ಕಟ್ಟಿಗೆಯ ಶಾಖ ಆ ಹೊಗೆಯ ಜೊತೆ ಹೋಗುತ್ತದೆ, ಹೊಗೆ ಒಲೆಯ ಮುಂದೆ ಕುಳಿತ ಹೆಣ್ಣುಮಗಳ ಎದೆಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂಥ, ಹೊಗೆ ಕೊಳವೆಯುಳ್ಳ ಒಲೆ ಇದ್ದರೂ ಒಣಗಿದ ತೆಳು ಸೀಳುಗಳನ್ನೇ ಹಾಕಬೇಕು.

ಮನೆ ಬಿಚ್ಚಿದ ತೊಲೆ, ಜಂತಿಗಳ ವಿಷಯ

ಮಾಳಿಗೆ ಮನೆಗಳ ಬೇವು, ಜಾಲಿಯ ತೊಲೆಗಳು ತಲೆಮಾರುಗಳ ಕಾಲ ಸೂರಿನಡಿ ಒಣಗಿದವು. ಕೆಟ್ಟಿದ್ದರೆ ಗೋಡೆಯೊಳಗೆ ಹೂತಿದ್ದ ಎರಡು ತುದಿಗಳು, ಸೋರುತ್ತಿದ್ದ ಜಾಗ ಮತ್ತು ಮೇಲುಮುದ್ದೆಯ, ಅಂದರೆ ಚಾವಣಿಯ ಮೇಲೆ ಹರಡಿದ್ದ, ಮಣ್ಣಿಗೆ ತಾಗಿದ್ದ ಬೆನ್ನು ಕೆಟ್ಟಿರುತ್ತವೆ. ತುದಿಗಳನ್ನು ಒಂದೂವರೆ ಅಡಿ ಕತ್ತರಿಸಿ ಬಿಸಾಡಿದರೆ ಸಾಮಾನ್ಯವಾಗಿ ಉಳಿದದ್ದು ಚೊಕ್ಕಟವಾಗಿರುತ್ತದೆ. ನಡುಭಾಗ ಅಷ್ಟು ಚೆನ್ನಾಗಿದ್ದರೆ ಒಲೆಗೆ ಹಾಕುವ ಮುನ್ನ ಬಡಗಿಯೊಬ್ಬರಿಗೆ ತೋರಿಸಿ. ಬಾಗಿಲು, ಕಿಟಕಿ, ಮಂಚದ ಕಾಲಿಗೆ ಬರುವ ಚೇಗನ್ನು ಕಟ್ಟಿಗೆಯ ಬೆಲೆಗೆ ಕಳೆಯುವುದು ಸರಿಯಲ್ಲ.

ಬಣ್ಣ ಬಳಿದ ಬಾಗಿಲು-ಕಿಟಕಿ, ಪ್ಲೈವುಡ್ ಚೂರು, ಗೆದ್ದಲು ಔಷಧಿ ಹಚ್ಚಿದ ಮರ, ಹಳೆಯ ರೈಲ್ವೆ ಸ್ಲೀಪರ್ ಯಾವುದೂ ಒಲೆಗೆ ಬೇಡ. ಸ್ಲೀಪರ್‌ಗೆ ಡಾಂಬರಿನ ಜಾತಿಯ ಎಣ್ಣೆ ಕುಡಿಸಿರುತ್ತಾರೆ, ಅದರ ಹೊಗೆ ವಿಷ. ಕಣಗಿಲೆಯ ಕಾಂಡ ಎಷ್ಟೇ ಒಣಗಿದ್ದರೂ ಅಡುಗೆಯ ಬೆಂಕಿಗೆ ಸೇರಿಸಬೇಡಿ, ಗಿಡದ ಎಲ್ಲ ಭಾಗಗಳೂ ವಿಷಕಾರಿ. ಬನ್ನಿ, ಅರಳಿ, ಅತ್ತಿಯನ್ನು ಒಲೆಗೆ ಹಾಕದ ಮನೆಗಳು ನಮ್ಮಲ್ಲಿ ಬಹಳ. ಸಾಮೂಹಿಕ ಅಡುಗೆಗೆ ಕಟ್ಟಿಗೆ ಕೊಡುವವರು ಈ ಬಗ್ಗೆ ಮೊದಲೇ ಕೇಳಿಕೊಳ್ಳುವುದು ಮರ್ಯಾದೆ.

ಹಂತ 7: ವಿಂಗಡಿಸಿ, ಮಳೆಗೆ ಮೊದಲು ಒಟ್ಟಿ

ಸೀಳಿದ ರಾಶಿಯನ್ನು ಮೂರು ಗುಡ್ಡೆ ಮಾಡಿ. ಟಣ್ಣೆನ್ನುವ, ಮೊಳೆ ಇಳಿಯದ ತುಂಡು ಅಡುಗೆಗೆ. ಗಟ್ಟಿಯಾಗಿದ್ದೂ ತಣ್ಣಗಿರುವ ತುಂಡನ್ನು ಮೂರು ನಾಲ್ಕು ಇಂಚಿನ ದಪ್ಪಕ್ಕೆ ಸೀಳಿ, ತೊಗಟೆ ಸುಲಿದು, ಬಿಸಿಲಿಗೆ. ಒಂದು ಪೂರ್ತಿ ಬೇಸಿಗೆ ಸಿಕ್ಕರೆ ಸಾಕು. ಅರೆಲಡ್ಡು ತುಂಡುಗಳು ಒಣಗಿದ್ದರೆ ಹಂಡೆಯ ನೀರು ಕಾಯಿಸಲು, ಗಟ್ಟಿ ಕಟ್ಟಿಗೆಯೊಂದಿಗೆ ಬೆರೆಸಿ, ಹಿತ್ತಲ ಒಲೆಯಲ್ಲಿ. ಬೂಷ್ಟು ಹಿಡಿದದ್ದನ್ನು ಮನೆಯೊಳಗೆ ತರಬೇಡಿ. ಅದರ ಧೂಳು ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಪುಡಿಯಾಗುವಷ್ಟು ಲಡ್ಡಾದದ್ದು ತಿಪ್ಪೆಗುಂಡಿಗೆ ಹೋಗಲಿ, ಗೊಬ್ಬರವಾಗುತ್ತದೆ.

ಈ ಕೆಲಸಕ್ಕೆ ಫೆಬ್ರುವರಿಯಿಂದ ಮೇವರೆಗಿನ ಕಾಲ ಸರಿ. ನಮ್ಮ ಮೂರೂ ಜಿಲ್ಲೆಗಳಲ್ಲಿ ಸೆಪ್ಟೆಂಬರ್ ಮಳೆಯ ಜೋರು ಹೆಚ್ಚು. ಜೂನ್‌ನಲ್ಲಿ ಒಂದೆರಡು ಹನಿ ಬಿದ್ದು ನಿಂತಿತೆಂದು ರಾಶಿಯನ್ನು ಬಯಲಲ್ಲೇ ಬಿಟ್ಟವರು ಮಹಾನವಮಿಯ ಹೊತ್ತಿಗೆ ಹಸಿ ಕಟ್ಟಿಗೆ ಊದುತ್ತ ಕೂರಬೇಕಾಗುತ್ತದೆ. ನೆಲದ ಮೇಲೆ ಸಾಲಾಗಿ ಕಲ್ಲಿಟ್ಟು, ಅರ್ಧ ಅಡಿ ಎತ್ತರದಲ್ಲಿ ಅಡ್ಡಗೋಲು ಹಾಸಿ, ಅದರ ಮೇಲೆ ಒಟ್ಟಿ. ಮೇಲ್ಭಾಗಕ್ಕೆ ತಗಡು ಅಥವಾ ತಾಡಪಾಲು ಹೊದಿಸಿ, ನಾಲ್ಕೂ ಮಗ್ಗುಲು ಗಾಳಿಗೆ ತೆರೆದಿರಲಿ. ಪೂರ್ತಿ ಸುತ್ತಿ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಗೆದ್ದಲು ಕಂಡ ತುಂಡುಗಳನ್ನು ಕುಕ್ಕಿ, ಮಣ್ಣು ಉದುರಿಸಿ, ಬಿಸಿಲಿನಲ್ಲಿ ಕಾಯಿಸಿ ಮೊದಲು ಉರಿಸಿಬಿಡಿ. ರಾಶಿಯನ್ನು ಮಾಳಿಗೆ ಮನೆಯ ಗೋಡೆಗೆ ಆನಿಸಿ ಒಟ್ಟಬೇಡಿ, ಕನಿಷ್ಠ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಬಿಡಿ. ಗೆದ್ದಲಿಗೆ ಕಟ್ಟಿಗೆಯಿಂದ ತೊಲೆಗೆ ದಾರಿ ಸಿಗಬಾರದು, ರಾತ್ರಿ ಕಟ್ಟಿಗೆ ತೆಗೆಯಲು ಹೋದಾಗ ಬ್ಯಾಟರಿ ಬೆಳಕಿನಲ್ಲಿ ರಾಶಿಯ ಎರಡೂ ಕಡೆ ಕಾಣುವಂತಿರಬೇಕು.